ಹದಿನೇಳು ವರ್ಷದ ಡೀಸೆಲ್ ಪಿಕಪ್: ಎಂಜಿನ್ ಬಿಚ್ಚಿಸಬೇಕೇ, ಗಾಡಿ ಮಾರಬೇಕೇ?

ಗಂಗಾವತಿ ರೈತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2008ರಲ್ಲಿ ಕೊಂಡ ಡೀಸೆಲ್ ಪಿಕಪ್ ಒಂದಿದೆ. 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಸಾಧನ) ಇದೆ, ಡೀಸೆಲ್ ಪಂಪ್ ಹಳೆಯ ಮೆಕ್ಯಾನಿಕಲ್ ಮಾದರಿಯದು. ಮೀಟರ್ 3,86,000 ಕಿ.ಮೀ. ತೋರಿಸುತ್ತಿದೆ. ಸುಗ್ಗಿಯಲ್ಲಿ ಭತ್ತದ ಚೀಲ, ನಾಟಿಯ ಕಾಲದಲ್ಲಿ ಗೊಬ್ಬರ, ಉಳಿದ ದಿನಗಳಲ್ಲಿ ಕಾರಟಗಿ ಮತ್ತು ಸಿಂಧನೂರಿನ ಕಡೆಗೆ ಬಾಡಿಗೆ, ಹೀಗೆ ಒಂದು ದಿನವೂ ಸುಮ್ಮನೆ ನಿಲ್ಲದ ಗಾಡಿ ಇದು.

ಎರಡು ತಿಂಗಳಿಂದ ಎಂಜಿನ್ ಆಯಿಲ್ ಕಡಿಮೆಯಾಗುತ್ತಿದೆ. ಸಾವಿರ ಕಿಲೋಮೀಟರಿಗೆ ಹತ್ತಿರ ಹತ್ತಿರ ಮುಕ್ಕಾಲು ಲೀಟರ್ ಹಾಕಬೇಕಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತದೆ, ಗಾಡಿ ಬಿಸಿಯಾದ ಮೇಲೆ ಹೊಗೆ ನಿಲ್ಲುತ್ತದೆ. ಊರಿನ ಮೇಸ್ತ್ರಿಯೊಬ್ಬರು ಫುಲ್ ಎಂಜಿನ್ ಬಿಚ್ಚಿ ಬೋರಿಂಗ್ (ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಸರಿಮಾಡುವ ಕೆಲಸ) ಮಾಡಿಸಬೇಕೆಂದಿದ್ದಾರೆ. ಬಂಧುಗಳು ಬಂದ ಬೆಲೆಗೆ ಮಾರಿ, ಸಾಲ ಮಾಡಿಯಾದರೂ ಹೊಸ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಈ ಗಾಡಿಗೆ ಖರ್ಚು ಮಾಡಿದರೆ ಇನ್ನೂ ಎಂಟು ವರ್ಷ ದುಡಿಯುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಬಳ್ಳಾರಿ ಗ್ಯಾರೇಜ್

ರೈತರೇ, ಮೊದಲಿಗೆ ಒಂದು ವಿನಂತಿ. ಆಯಿಲ್ ಎಲ್ಲಿ ಹೋಗುತ್ತಿದೆ ಎಂದು ಗೊತ್ತಾಗುವ ಮುನ್ನ ಎಂಜಿನ್ ಬಿಚ್ಚಲು ಒಪ್ಪಬೇಡಿ. ಬೆಳಿಗ್ಗೆ ಮಾತ್ರ ನೀಲಿ ಹೊಗೆ ಬಂದು ಆಮೇಲೆ ನಿಲ್ಲುತ್ತದೆ ಎಂದು ನೀವೇ ಬರೆದಿದ್ದೀರಿ. ಇದು ಹೆಚ್ಚಾಗಿ ವಾಲ್ವ್ ಗೈಡ್ ಸೀಲ್‌ಗಳು (ವಾಲ್ವಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆಗಳು) ಗಟ್ಟಿಯಾಗಿ, ರಾತ್ರಿಯೆಲ್ಲ ಆಯಿಲ್ ಸಿಲಿಂಡರಿನೊಳಗೆ ಇಳಿದಿರುವ ಲಕ್ಷಣ. ಪಿಸ್ಟನ್ ರಿಂಗ್ ಸವೆದಿದ್ದರೆ ಲೋಡ್ ಹಾಕಿ ಏರು ಹತ್ತಿಸುವಾಗಲೂ ಹೊಗೆ ಬರುತ್ತದೆ. ಗಾಡಿ ನಿಲ್ಲಿಸಿ, ಎಂಜಿನ್ ಬಿಸಿಯಿದ್ದು ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ಅದರ ಬಾಯಿಯ ಮೇಲೆಯೇ ಸಡಿಲವಾಗಿ ಇಟ್ಟು ನೋಡಿ. ಮುಚ್ಚಳ ಕುಣಿದು ಹಾರಿಬಿದ್ದರೆ, ಅಥವಾ ಹೊಗೆ ಬುಸುಗುಟ್ಟಿಕೊಂಡು ಮೇಲೆ ಬಂದರೆ, ರಿಂಗ್ ಮತ್ತು ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಮೇಲೆ ಅನುಮಾನ ಪಡಬೇಕು. ಅನಂತರ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ (ಒಳಗೆ ಅದುಮಿದ ಗಾಳಿಯ ಒತ್ತಡ) ಅಳೆಸಿ. ನಾಲ್ಕರ ನಡುವಿನ ವ್ಯತ್ಯಾಸ ಶೇ. 10ರ ಒಳಗಿದ್ದು, ಒಟ್ಟಾರೆ ಒತ್ತಡವೂ ಸರಿಯಿದ್ದರೆ ಬೋರಿಂಗ್‌ನ ಮಾತೇ ಬೇಡ. ಟರ್ಬೊದ ಕಡೆಗೂ ಒಮ್ಮೆ ನೋಡಿಸಿ, ಅದರ ಸೀಲ್ ಹೋದರೂ ಆಯಿಲ್ ಹೀಗೆಯೇ ಕಡಿಮೆಯಾಗುತ್ತದೆ.

ಹಳೆಯ ಡೀಸೆಲ್ ಎಂಜಿನ್ನುಗಳು ಬಾಳಿಕೆ ಬರುವುದಕ್ಕೆ ಕಾರಣ ಇದೆ. ಎರಕದ ಕಬ್ಬಿಣದ ದಪ್ಪ ಬ್ಲಾಕ್, ಎಂಜಿನ್ನಿನ ಗಾತ್ರಕ್ಕೆ ಹೋಲಿಸಿದರೆ ಕಡಿಮೆ ಅಶ್ವಶಕ್ತಿ, ನಿಧಾನದ ತಿರುಗು. ಟಾಟಾ 207 ಡಿಐ ಗಾಡಿಯದು 2956 ಸಿಸಿಯ ಎಂಜಿನ್, ಒಂದು ಟನ್ನಿನ ಆಸುಪಾಸಿನ ಲೋಡಿಗೆ ಅಷ್ಟು ದೊಡ್ಡದು. ಯಾವ ಭಾಗವೂ ತನ್ನ ಶಕ್ತಿ ಮೀರಿ ದುಡಿಯದಿದ್ದಾಗ ಸವೆತ ನಿಧಾನವಾಗುತ್ತದೆ.

ಆದರೆ ನಮ್ಮ ಸೀಮೆಯಲ್ಲಿ ಈ ಎಂಜಿನ್ನುಗಳನ್ನು ಕೊಲ್ಲುವುದು ಕಿಲೋಮೀಟರ್ ಅಲ್ಲ, ಧೂಳು. ಒಂದೇ ವರ್ಷದ, ಒಂದೇ ಮಾದರಿಯ ಎರಡು ಪಿಕಪ್‌ಗಳು ನನ್ನ ಬಳಿಗೆ ಬರುತ್ತಿದ್ದವು. ಸಿರುಗುಪ್ಪದ ಗಾಡಿ ನಾಲ್ಕು ಲಕ್ಷ ದಾಟಿದರೂ ಬೋರಿಂಗ್ ಕಂಡಿರಲಿಲ್ಲ. ಸಂಡೂರು, ತೋರಣಗಲ್ಲು ಮಾರ್ಗದಲ್ಲಿ ಅದಿರಿನ ಲಾರಿಗಳ ಹಿಂದೆ ಓಡುತ್ತಿದ್ದ ಗಾಡಿಯ ಲೈನರ್ 1,40,000 ಕಿಲೋಮೀಟರಿಗೇ ಸವೆದಿತ್ತು. ಏರ್ ಫಿಲ್ಟರ್ ಹೊಸದೇ ಇತ್ತು. ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ ಸಡಿಲವಾಗಿ, ಪೈಪಿನ ಕೆಳಬದಿಯಲ್ಲಿ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಒಳಗೆ ಬೆರಳಾಡಿಸಿದರೆ ಕುಂಕುಮ ಮುಟ್ಟಿದಂತೆ ಬೆರಳು ಕೆಂಪಾಯಿತು. ಆ ಕೆಂಪು ಧೂಳು ಆಯಿಲ್ ಜೊತೆ ಸೇರಿ ರಿಂಗನ್ನು ಉಪ್ಪುಕಾಗದದಂತೆ ಉಜ್ಜಿಬಿಟ್ಟಿತ್ತು. ನೀವೂ ಆ ಪೈಪ್ ಬಿಚ್ಚಿ ಒಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿದರೆ ಎಂಜಿನ್ ಹೊಸದು ಮಾಡಿಸಿಯೂ ಪ್ರಯೋಜನವಿಲ್ಲ, ಮೊದಲು ಸಂದು ಮುಚ್ಚಬೇಕು. ಕಾಗದದ ಫಿಲ್ಟರಿಗೆ ಹೊರಗಿನಿಂದ ಗಾಳಿ ಹೊಡೆಸುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಧೂಳು ಕಾಗದದ ಒಳಕ್ಕೇ ಇಳಿಯುತ್ತದೆ.

ಎರಡನೆಯ ಶತ್ರು ನೀರು. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವುದು ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ನಡೆದುಕೊಂಡು ಬಂದ ತಪ್ಪು. ಅನ್ನದ ಪಾತ್ರೆಯಲ್ಲಿ ಕಟ್ಟುವಂಥದೇ ಬಿಳಿ ಪದರ ಎಂಜಿನ್ನಿನ ಒಳಗೂ ಕಟ್ಟುತ್ತದೆ, ಬಿಸಿ ಹೊರಗೆ ಹೋಗುವುದಿಲ್ಲ. ಆಗ ಬೇಸಿಗೆಯಲ್ಲಿ ಗಾಡಿ ಕುದಿಯುತ್ತದೆಂದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಿಲ್ಲೆ) ಕಿತ್ತುಹಾಕುತ್ತಾರೆ. ಅದು ರೋಗಕ್ಕೆ ಮದ್ದಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೆಳಗಿನ ಹೊತ್ತು ಬೇಗ ಬಿಸಿಯಾಗುವುದಿಲ್ಲ, ತಣ್ಣಗೆ ಓಡಿದಷ್ಟೂ ಲೈನರ್ ಹೆಚ್ಚು ಸವೆಯುತ್ತದೆ ಮತ್ತು ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. ನಿಮ್ಮ ಗಾಡಿಯಲ್ಲಿ ಅದು ಇದೆಯೋ ಇಲ್ಲವೋ ನೋಡಿಸಿ, ಇಲ್ಲದಿದ್ದರೆ ಹಾಕಿಸಿ, ರೇಡಿಯೇಟರಿಗೆ ಕೂಲಂಟ್ ತುಂಬಿಸಿ.

ಸಿಂಧನೂರು ಚಾಲಕ

ಗ್ಯಾರೇಜಿನವರು ಹೇಳಿದ್ದು ಸರಿಯಾಗಿದೆ. ನಾನು ಸೇರಿಸುವುದು ಸ್ವಲ್ಪ. ಡೀಸೆಲ್ ಫಿಲ್ಟರಿನ ಕೆಳಗಿರುವ ತಿರುಪನ್ನು ವಾರಕ್ಕೊಮ್ಮೆ ಬಿಚ್ಚಿ, ಕೂತ ನೀರನ್ನು ಹೊರಗೆ ಬಿಡಿ. ಮಳೆಗಾಲದಲ್ಲಿ ಡ್ರಮ್ಮಿನ ಡೀಸೆಲ್ ಹಾಕುವವರಂತೂ ಇದನ್ನು ಮರೆಯಲೇಬಾರದು. ಇನ್ನು ಲೋಡಿನ ಮಾತು. ನಮ್ಮ ಭಾಗದ ಭತ್ತದ ಚೀಲ 75 ಕೆ.ಜಿ., ಮೂವತ್ತು ಚೀಲ ಹಾಕಿದರೆ 2,250 ಕೆ.ಜಿ. ಆಯಿತು. ಆರ್‌ಸಿಯಲ್ಲಿ ಬರೆದಿರುವ ತೂಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಕ್ಲಚ್ ಪ್ಲೇಟು, ಹಿಂದಿನ ಬೇರಿಂಗು ಮತ್ತು ಕಮಾನ್ ಪಟ್ಟಿಗಳು ಯಾಕೆ ಪದೇ ಪದೇ ಹೋಗುತ್ತವೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ರಾಯಚೂರು ಓದುಗ

ಇಲ್ಲಿಯವರೆಗಿನ ಉತ್ತರಗಳು ಎಂಜಿನ್ನಿನ ಬಗ್ಗೆಯೇ ಇವೆ. ಛಾಸಿಯ (ಇಡೀ ಗಾಡಿಯನ್ನು ಹೊರುವ ಕೆಳಗಿನ ಚೌಕಟ್ಟಿನ) ಬಗ್ಗೆ ಯಾರೂ ಬರೆದಿಲ್ಲವೆಂಬುದು ನನಗೆ ಕೊರತೆಯಾಗಿ ಕಾಣುತ್ತದೆ. ಹಳೆಯ ಡೀಸೆಲ್ ಪಿಕಪ್‌ಗಳ ಬಾಳಿಕೆಗೆ ಅಮೆರಿಕದವರು ಉದಾಹರಣೆಯಾಗಿ ಕೊಡುವುದು 1989ರಿಂದ 1998ರವರೆಗೆ ಡಾಡ್ಜ್ ಪಿಕಪ್‌ಗಳಲ್ಲಿ ಬಂದ 5.9 ಲೀಟರಿನ, ಹನ್ನೆರಡು ವಾಲ್ವಿನ ಕಮಿನ್ಸ್ ಎಂಜಿನ್ನನ್ನು. ಅದರದೂ ಮೆಕ್ಯಾನಿಕಲ್ ಪಂಪೇ. ಅಲ್ಲಿನ ಹಿಮದ ರಾಜ್ಯಗಳಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರಾದ್ದರಿಂದ ಎಂಜಿನ್ ಗಟ್ಟಿಯಾಗಿರುವಾಗಲೇ ಬಾಡಿ ಮತ್ತು ಫ್ರೇಮ್ ತುಕ್ಕು ಹಿಡಿದು ಹೋಗುತ್ತವೆ. ನಮ್ಮಲ್ಲಿ ಹಿಮವಿಲ್ಲ, ಆದರೆ ಗೊಬ್ಬರವಿದೆ. ಹರಿದ ಚೀಲದಿಂದ ಉದುರಿದ ಯೂರಿಯಾ ಮತ್ತು ಪೊಟ್ಯಾಷ್ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತವೆ. ಪೊಟ್ಯಾಷ್ ಕೂಡ ರಾಸಾಯನಿಕವಾಗಿ ಒಂದು ಬಗೆಯ ಉಪ್ಪೇ. ಅದರ ಮೇಲೆ ಗದ್ದೆಯ ಎರೆಮಣ್ಣು ಮೆತ್ತಿಕೊಂಡರೆ ವಾರಗಟ್ಟಲೆ ಒದ್ದೆ ಆರುವುದಿಲ್ಲ.

ಆದುದರಿಂದ ಗಾಡಿಯನ್ನು ತೊಳೆಸಿ, ಒಣಗಿಸಿ, ಸಣ್ಣ ಸುತ್ತಿಗೆಯೊಂದನ್ನು ಹಿಡಿದು ಕೆಳಗೆ ನುಗ್ಗಿ. ಛಾಸಿಯ ಉದ್ದಕ್ಕೂ, ವಿಶೇಷವಾಗಿ ಹಿಂದಿನ ಕಮಾನ್ ಪಟ್ಟಿಯ ಬ್ರ್ಯಾಕೆಟ್ ಸುತ್ತ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಗಂಟೆಯಂತೆ ದನಿ ಕೊಡುತ್ತದೆ, ತಿಂದ ಕಬ್ಬಿಣ ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ.

ಕಾಗದಪತ್ರದ ವಿಷಯವನ್ನೂ ಹೇಳಿಬಿಡುತ್ತೇನೆ. ಡೀಸೆಲ್ ಗಾಡಿಗೆ ಹತ್ತೇ ವರ್ಷ ಎಂಬ ನಿಯಮ ದೆಹಲಿ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು, ನಮ್ಮ ಜಿಲ್ಲೆಗಳಿಗಲ್ಲ. ಆದರೆ ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಆಗಬೇಕು. ಹದಿನೈದು ವರ್ಷ ದಾಟಿದವುಗಳ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಬಹಳವೇ ಏರಿಸಿದ್ದಾರೆ. ನಿಮ್ಮ ಲೆಕ್ಕದಲ್ಲಿ ಇದನ್ನು ಸೇರಿಸಿಕೊಳ್ಳಿ, ಈಗಿನ ದರವನ್ನು ಕೊಪ್ಪಳದ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಗಂಗಾವತಿ ರೈತ

ತಾವೆಲ್ಲ ಇಷ್ಟು ಬಿಡುವು ಮಾಡಿಕೊಂಡು ಬರೆದದ್ದಕ್ಕೆ ಋಣಿಯಾಗಿದ್ದೇನೆ. ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಆಯಿಲ್ ಮುಚ್ಚಳ ಸ್ವಲ್ಪ ನಡುಗಿತೇ ಹೊರತು ಬೀಳಲಿಲ್ಲ. ಕಂಪ್ರೆಷನ್ ನಾಲ್ಕರಲ್ಲೂ ಹತ್ತಿರ ಹತ್ತಿರ ಒಂದೇ ಇದೆ, ಮೇಸ್ತ್ರಿಯೂ ಒತ್ತಡ ಚೆನ್ನಾಗಿದೆಯೆಂದು ಒಪ್ಪಿದರು. ಟರ್ಬೊದಲ್ಲಿ ತೊಂದರೆ ಕಾಣಲಿಲ್ಲ. ಪೈಪಿನೊಳಗೆ ಒರೆಸಿದ ಬಟ್ಟೆಗೆ ತೆಳ್ಳಗೆ ಆಯಿಲ್ ಹತ್ತಿತು, ಮಣ್ಣು ಹತ್ತಲಿಲ್ಲ. ಥರ್ಮೋಸ್ಟಾಟ್ ಮಾತ್ರ ಇರಲಿಲ್ಲ, ಯಾವ ಕಾಲದಲ್ಲಿ ಯಾರು ತೆಗೆದರೋ.

ಸುತ್ತಿಗೆ ಹಿಡಿದು ಕೆಳಗೆ ನುಗ್ಗಿದಾಗ ಮನಸ್ಸಿಗೆ ಕಷ್ಟವಾಯಿತು. ಎಡಬದಿಯ ಹಿಂದಿನ ಬ್ರ್ಯಾಕೆಟ್‌ನ ಪಕ್ಕದಲ್ಲಿ ನಾಲ್ಕನೆಯ ಏಟಿಗೆ ಹಲಗೆಯಂತೆ ತುಕ್ಕಿನ ಚಕ್ಕೆ ಎದ್ದು ಬಂತು, ಅದರ ಹಿಂದೆ ಹುಣಸೆಬೀಜ ತೂರುವಷ್ಟು ತೂತು. ಗೊಬ್ಬರದ ಚೀಲಗಳನ್ನು ನಾವು ಯಾವಾಗಲೂ ಆ ಮೂಲೆಯಿಂದಲೇ ಇಳಿಸುವುದು. ಎಂಜಿನ್ನಿನ ಚಿಂತೆ ಮಾಡುತ್ತಾ ಕೂತಿದ್ದೆ, ತೊಂದರೆ ಇದ್ದದ್ದು ಬೇರೆ ಕಡೆ. ಇದನ್ನು ವೆಲ್ಡಿಂಗ್ ಮಾಡಿಸಿದರೆ ನಿಲ್ಲುತ್ತದೆಯೇ?

ಬಳ್ಳಾರಿ ಗ್ಯಾರೇಜ್

ತೂತು ಅಷ್ಟೇ ಇದ್ದು, ಸುತ್ತಲಿನ ಕಬ್ಬಿಣ ಗಟ್ಟಿಯಿದ್ದರೆ ನಿಲ್ಲುತ್ತದೆ. ಆದರೆ ಗೇಟು, ಕಿಟಕಿ ಮಾಡುವ ಅಂಗಡಿಯಲ್ಲಿ ಈ ಕೆಲಸ ಬೇಡ, ಲಾರಿ ಛಾಸಿ ಕೆಲಸ ಮಾಡುವವರ ಬಳಿ ಹೋಗಿ. ತಿಂದ ಭಾಗವನ್ನು ಪೂರ್ತಿ ಕತ್ತರಿಸಿ, ಗಟ್ಟಿ ಕಬ್ಬಿಣ ಸಿಕ್ಕ ಮೇಲೆ ಅಷ್ಟೇ ದಪ್ಪದ ಪಟ್ಟಿ ಹಾಕಬೇಕು. ಪಟ್ಟಿಯ ಎರಡೂ ತುದಿಗಳು ನೆಟ್ಟಗೆ ಇರಬಾರದು, ಓರೆಯಾಗಿ ಚೂಪಾಗುತ್ತಾ ಹೋಗಬೇಕು. ಛಾಸಿಗೆ ಅಡ್ಡಲಾಗಿ ಮೇಲಿನಿಂದ ಕೆಳಕ್ಕೆ ನೇರ ವೆಲ್ಡಿಂಗ್ ಎಳೆದರೆ ಲೋಡ್ ಬಿದ್ದಾಗ ಆ ಗೆರೆಯಲ್ಲೇ ಬಿರುಕು ಬಿಡುತ್ತದೆ. ಕೆಲಸಕ್ಕೆ ಮೊದಲು ಬ್ಯಾಟರಿ ವೈರ್ ಬಿಚ್ಚಿಸಿ, ಹತ್ತಿರದ ಡೀಸೆಲ್ ಪೈಪನ್ನೂ ಸರಿಸಿ ಇಡಿಸಿ.

ಬಲಬದಿಯನ್ನೂ ಇಷ್ಟೇ ಜೋರಾಗಿ ಬಡಿದು ನೋಡಿದ್ದೀರಾ? ಅಲ್ಲಿಯೂ ಇದೇ ಸ್ಥಿತಿ ಇದ್ದರೆ ಮಾತ್ರ ನನ್ನ ಅಭಿಪ್ರಾಯ ಬದಲಾಗುತ್ತದೆ, ಆಗ ಮಾರುವುದೇ ಮೇಲು. ಇಲ್ಲದಿದ್ದರೆ ವಾಲ್ವ್ ಸೀಲ್, ಥರ್ಮೋಸ್ಟಾಟ್, ಕೂಲಂಟ್ ಮತ್ತು ಛಾಸಿ ಪಟ್ಟಿ, ಈ ನಾಲ್ಕು ಕೆಲಸಗಳನ್ನು ಎಫ್‌ಸಿಗೆ ಮುಂಚೆಯೇ ಮುಗಿಸಿಕೊಳ್ಳಿ.

ಗಂಗಾವತಿ ರೈತ

ಬಲಬದಿಯನ್ನು ಎರಡು ಸಲ ಬಡಿದು ನೋಡಿದೆ, ದನಿ ಚೆನ್ನಾಗಿದೆ. ಸೋಮವಾರ ಗಾಡಿಯನ್ನು ಕೆಲಸಕ್ಕೆ ಬಿಡುತ್ತಿದ್ದೇನೆ.