ಎಸ್‌ಇಎಸ್: ಡೊಮೈನ್ ದೃಢೀಕರಣವಾಗಿದೆ, ಬೌನ್ಸ್ ಸೂಚನೆ ಮಾತ್ರ ಬರುತ್ತಿಲ್ಲ

ಘಟಪ್ರಭಾ_ದಂಡೆ
ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ.

ಅಮೆಜಾನ್‌ನ ಮೇಲ್ ಸೇವೆ ಎಸ್‌ಇಎಸ್ ಬಳಸಿ ಸಹಕಾರ ಸಂಘಗಳ ಪರವಾಗಿ ಸಾಲದ ಕಂತಿನ ನೆನಪೋಲೆ, ರಸೀದಿ, ವಾರ್ಷಿಕ ಮಹಾಸಭೆಯ ನೋಟಿಸ್ ಕಳುಹಿಸುವ ತಂತ್ರಾಂಶ ನಮ್ಮದು. ಪ್ರತಿ ಸಂಘಕ್ಕೂ ಅದರದೇ ಡೊಮೈನ್. ಹೊಸ ಸಂಘ ಸೇರಿದಾಗಲೆಲ್ಲ ಕನ್ಸೋಲ್ ತೆರೆದು ಗುಂಡಿ ಒತ್ತುತ್ತ ಕೂರುವುದು ಬೇಡವೆಂದು ಎಲ್ಲವನ್ನೂ ಟೆರಾಫಾರ್ಮ್‌ಗೆ (ಕ್ಲೌಡ್ ವ್ಯವಸ್ಥೆಯನ್ನು ಕೋಡ್‌ನಿಂದ ಕಟ್ಟುವ ಉಪಕರಣ) ತಂದೆ. ಈಗ ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಸಾಕು: ಐಡೆಂಟಿಟಿ (ಕಳುಹಿಸುವ ಡೊಮೈನ್ ಅಥವಾ ವಿಳಾಸದ ನೋಂದಣಿ) ಹುಟ್ಟುತ್ತದೆ, ಡಿಕಿಮ್ ಎಂಬ ಮೇಲ್ ಸಹಿಯ ಮೂರು ಸಿನೇಮ್ ದಾಖಲೆಗಳು ಡಿಎನ್‌ಎಸ್‌ಗೆ ಹೋಗುತ್ತವೆ, ದೃಢೀಕರಣ ಆಗುವವರೆಗೆ ಸ್ಕ್ರಿಪ್ಟ್ ಕಾಯುತ್ತದೆ, ಆಮೇಲೆ ಬೌನ್ಸ್ (ತಲುಪದೆ ಮರಳಿದ ಮೇಲ್) ಮತ್ತು ದೂರು (ಸ್ಪ್ಯಾಮ್ ಎಂದು ಒತ್ತಿದ್ದು) ಎರಡಕ್ಕೂ ಸೂಚನೆ ಹಂಚುವ ಎಸ್‌ಎನ್‌ಎಸ್ ಟಾಪಿಕ್ ಜೋಡಣೆಯಾಗುತ್ತದೆ. ಟಾಪಿಕ್‌ನಿಂದ ಲ್ಯಾಂಬ್ಡಾ (ಸೂಚನೆ ಬಂದಾಗ ಓಡುವ ಪುಟ್ಟ ಕೋಡ್), ಲ್ಯಾಂಬ್ಡಾದಿಂದ ನಮ್ಮ ಡೇಟಾಬೇಸ್.

ಎಲ್ಲವೂ ಹಸಿರು. ಒಂದು ದೋಷವೂ ಇಲ್ಲ. ಮೇಲ್ ಹೋಗುತ್ತಿದೆ. ಬೌನ್ಸ್ ಸೂಚನೆ ಮಾತ್ರ ಒಂದೂ ಬರುತ್ತಿಲ್ಲ. ಅತ್ತ ಖಾತೆಯ ಬೌನ್ಸ್ ಪ್ರಮಾಣ ಶೇಕಡಾ 4 ದಾಟಿದೆ. 5 ಮುಟ್ಟಿದರೆ ಖಾತೆ ಪರಿಶೀಲನೆಗೆ ಬೀಳುತ್ತದೆ, 10 ಆದರೆ ಕಳುಹಿಸುವುದನ್ನೇ ತಡೆಹಿಡಿಯಬಹುದು. ಸದಸ್ಯರ ಹಳೆಯ ವಿಳಾಸಗಳನ್ನು ಪಟ್ಟಿಯಿಂದ ಕಿತ್ತುಹಾಕೋಣವೆಂದರೆ ಯಾವುದು ಹಳೆಯದು ಎಂದು ಹೇಳುವ ಸೂಚನೆಯೇ ಇಲ್ಲ.

ದಾಖಲೆ ಪುಟಗಳ ಕೊಂಡಿ ಅಂಟಿಸಬೇಡಿ. ಓದಿಯಾಗಿದೆ.

ಬೇರುಸರ್ವರ್
ಡಿಎನ್‌ಎಸ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ.

ಕೆಲವು ಡಿಎನ್‌ಎಸ್ ಸೇವೆಗಳು ನೀವು ಬರೆದ ಹೆಸರಿನ ಕೊನೆಗೆ ಡೊಮೈನ್ ಅನ್ನು ತಾವೇ ಸೇರಿಸುತ್ತವೆ. ನೀವು ಪೂರ್ತಿ ಹೆಸರು ಕೊಟ್ಟಿದ್ದರೆ ಡೊಮೈನ್ ಎರಡು ಸಲ ಬರುತ್ತದೆ. ಡಿಎನ್‌ಎಸ್ ದಾಖಲೆ ತೋರಿಸುವ ಡಿಗ್ ಆದೇಶ ಓಡಿಸಿ ನೋಡಿ. ಸಿನೇಮ್ ದಾಖಲೆಯ ಮೇಲೆ ಪ್ರಾಕ್ಸಿ ಚಾಲೂ ಇದ್ದರೂ ಇದೇ ಗತಿ, ಅದನ್ನು ಆರಿಸಬೇಕು.

ಘಟಪ್ರಭಾ_ದಂಡೆ
ಡೊಮೈನ್ ದೃಢೀಕರಣವಾಗಿದೆ ಎಂದು ಶೀರ್ಷಿಕೆಯಲ್ಲೇ ಬರೆದಿದ್ದೇನೆ. ಹೋದ ಮೇಲ್‌ಗಳ ಹೆಡರ್‌ನಲ್ಲಿ ಡಿಕಿಮ್ ಪಾಸ್ ಎಂದೇ ಇದೆ.

ಬೇರುಸರ್ವರ್
ಒಮ್ಮೆ ದೃಢೀಕರಣವಾಗಿ ಆಮೇಲೆ ದಾಖಲೆ ಅಳಿಸಿಹೋದದ್ದನ್ನೂ ಕಂಡಿದ್ದೇನೆ. ಡಿಗ್‌ನ ಫಲಿತಾಂಶ ಹಾಕಿ.

ಪಾಲಿಸಿಪುರಾಣ
ಬೇರುಸರ್ವರ್ ಅವರೇ, ಬೌನ್ಸ್ ಸೂಚನೆಗೂ ಸಿನೇಮ್‌ಗೂ ಏನು ಸಂಬಂಧ? ಇದು ಶುದ್ಧ ಅನುಮತಿಯ ಸಮಸ್ಯೆ. ಎಸ್‌ಎನ್‌ಎಸ್ ಟಾಪಿಕ್‌ನ ಪಾಲಿಸಿಯಲ್ಲಿ ಎಸ್‌ಇಎಸ್ ಸೇವೆಗೆ ಪಬ್ಲಿಶ್ ಅನುಮತಿ ಕೊಟ್ಟಿದ್ದೀರಾ? ಸೋರ್ಸ್ ಅಕೌಂಟ್, ಸೋರ್ಸ್ ಎಆರ್‌ಎನ್ (ಅಮೆಜಾನ್ ಕ್ಲೌಡ್‌ನಲ್ಲಿ ಪ್ರತಿ ವಸ್ತುವಿನ ಪೂರ್ಣ ಹೆಸರು) ಷರತ್ತುಗಳು ಸರಿ ಇವೆಯೇ? ಒಂದು ಅಕ್ಷರ ತಪ್ಪಿದರೂ ಸೂಚನೆ ಸದ್ದಿಲ್ಲದೆ ಕಳೆದುಹೋಗುತ್ತದೆ. ಪಾಲಿಸಿ ಪೂರ್ತಿ ಹಾಕಿ, ನೋಡಿ ಹೇಳುತ್ತೇನೆ.

ಘಟಪ್ರಭಾ_ದಂಡೆ
ಅನುಮತಿ ಇದೆ. ಟಾಪಿಕ್ ಜೋಡಿಸಿದ ಕೂಡಲೇ ಎಸ್‌ಇಎಸ್ ಒಂದು ಸಂದೇಶ ಕಳುಹಿಸುತ್ತದಲ್ಲ, ‘ಈ ಐಡೆಂಟಿಟಿಯ ಬೌನ್ಸ್ ಸೂಚನೆಗಳಿಗೆ ನಿಮ್ಮ ಟಾಪಿಕ್ ಯಶಸ್ವಿಯಾಗಿ ಸೇರಿದೆ’ ಎಂಬರ್ಥದ್ದು. ಅದು ಪ್ರತಿ ಡೊಮೈನ್‌ಗೂ ಬಂದಿದೆ, ಲ್ಯಾಂಬ್ಡಾ ಲಾಗ್‌ನಲ್ಲಿ ಕೂತಿದೆ. ಅದಾದ ಮೇಲೆ ಮೌನ.

ಪಾಲಿಸಿಪುರಾಣ
ಹಾಗಾದರೆ ಕೆಎಂಎಸ್, ಅಂದರೆ ಗೂಢಲಿಪಿ ಕೀಲಿಗಳ ಸೇವೆ. ಟಾಪಿಕ್ ಅನ್ನು ಗೂಢಲಿಪೀಕರಣ ಮಾಡಿದ್ದೀರಿ. ಎಸ್‌ಎನ್‌ಎಸ್‌ನ ಸಿದ್ಧ ಕೀಲಿ ಬಳಸಿದರೆ ಎಸ್‌ಇಎಸ್‌ಗೆ ಬರೆಯಲು ಆಗುವುದಿಲ್ಲ, ಅದರ ಕೀ ಪಾಲಿಸಿಯನ್ನು ನಾವು ತಿದ್ದುವಂತಿಲ್ಲ. ಸ್ವಂತ ಕೀಲಿ ಮಾಡಿ, ಜನರೇಟ್ ಡೇಟಾ ಕೀ ಮತ್ತು ಡಿಕ್ರಿಪ್ಟ್ ಎರಡನ್ನೂ ಎಸ್‌ಇಎಸ್‌ಗೆ ಕೊಡಬೇಕು. ನೂರಕ್ಕೆ ತೊಂಬತ್ತು ಮಂದಿ ಎಡವುವುದು ಇಲ್ಲೇ.

ತುಂಗೆ_ತೀರ
ಕೆಎಂಎಸ್ ಅಡ್ಡ ಬಂದಿದ್ದರೆ ಆ ಮೊದಲ ಸಂದೇಶವೂ ಬರುತ್ತಿರಲಿಲ್ಲ.

ಪಾಲಿಸಿಪುರಾಣ
ಆಮೇಲೆ ಯಾರಾದರೂ ಗೂಢಲಿಪೀಕರಣ ಚಾಲೂ ಮಾಡಿರಬಹುದಲ್ಲ? ಕೀ ಪಾಲಿಸಿ ಹಾಕಿ, ಸುಮ್ಮನೆ ಊಹೆ ಬೇಡ.

ಘಟಪ್ರಭಾ_ದಂಡೆ
ಗೂಢಲಿಪೀಕರಣವೇ ಇಲ್ಲ ಸರ್.

ಮೋಡದಮೇಸ್ತ್ರಿ
ಟೆರಾಫಾರ್ಮ್ ಯಾಕೆ ಬಳಸಿದಿರಿ? ಅಮೆಜಾನ್‌ನದೇ ಉಪಕರಣ ಕ್ಲೌಡ್‌ಫಾರ್ಮೇಶನ್‌ನಲ್ಲೇ ಈಮೇಲ್ ಐಡೆಂಟಿಟಿ ಇದೆಯಲ್ಲ. ಸ್ಟೇಟ್ ಫೈಲ್ ಕಾಯುವ ಗೋಳೇ ಇರುವುದಿಲ್ಲ.

ಬೇರುಸರ್ವರ್
ಇದೆ. ಆದರೆ ಐಡೆಂಟಿಟಿಗೆ ಎಸ್‌ಎನ್‌ಎಸ್ ಟಾಪಿಕ್ ಜೋಡಿಸುವ ಜಾಗ ಅದರಲ್ಲಿಲ್ಲ. ಫೀಡ್‌ಬ್ಯಾಕ್ ಫಾರ್ವರ್ಡಿಂಗ್ (ಬೌನ್ಸ್ ಸುದ್ದಿಯನ್ನು ಮೇಲ್ ಆಗಿಯೇ ಕಳುಹಿಸುವುದು) ಬೇಕೋ ಬೇಡವೋ ಎಂದಷ್ಟೇ ಹೇಳಬಹುದು. ಟಾಪಿಕ್‌ಗಾಗಿ ಕಸ್ಟಮ್ ರಿಸೋರ್ಸ್ ಬರೆದು, ಅದರೊಳಗೊಂದು ಲ್ಯಾಂಬ್ಡಾ ಇಟ್ಟು, ಆ ಲ್ಯಾಂಬ್ಡಾ ಉತ್ತರಿಸದೆ ಸ್ಟ್ಯಾಕ್ ನೇತಾಡಿದರೆ ಅದರ ಮುಂದೆ ಕೈ ಕಟ್ಟಿ ಕೂರಬೇಕು. ಅದು ಗೋಳಲ್ಲವೇ?

ಮೋಡದಮೇಸ್ತ್ರಿ
ಕಾನ್ಫಿಗರೇಶನ್ ಸೆಟ್ (ಕಳುಹಿಸುವ ಮೇಲ್‌ಗೆ ಅನ್ವಯಿಸುವ ನಿಯಮಗಳ ಗುಂಪು) ಬಳಸಿದರೆ ಕಸ್ಟಮ್ ರಿಸೋರ್ಸ್ ಬೇಕಿಲ್ಲ. ಅದಿರಲಿ, 2023ರಲ್ಲಿ ಪರವಾನಗಿ ಬದಲಾದ ಮೇಲೂ ಟೆರಾಫಾರ್ಮ್ ಹಿಡಿದುಕೊಂಡಿರುವವರು ಅದರ ಮುಕ್ತ ಕವಲಾದ ಓಪನ್‌ಟೋಫು ಕಡೆ ಏಕೆ ತಿರುಗಿಲ್ಲವೋ ನನಗೆ ಗೊತ್ತಿಲ್ಲ.

ಬೇರುಸರ್ವರ್
ಕೇಳಿದ ಪ್ರಶ್ನೆಗೂ ಪರವಾನಗಿಗೂ ಎಷ್ಟು ಗಾವುದ ದೂರ ಎಂದು ಅಳೆದು ಹೇಳಿ.

ಅಟ್ಟದಸರ್ವರ್
ಇದಕ್ಕೇ ನಾನು ಈ ಮೋಡಗಳ ಸಹವಾಸ ಬಿಟ್ಟದ್ದು. ನನ್ನ ಸ್ವಂತ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್‌ನಲ್ಲಿ ಬೌನ್ಸ್ ಎಂದರೆ ಲಾಗ್‌ನಲ್ಲಿ ಒಂದು ಸಾಲು, ಗ್ರೆಪ್ ಹೊಡೆದರೆ ಮುಗಿಯಿತು. ಸ್ಥಿರ ಐಪಿ, ಪಿಟಿಆರ್ ದಾಖಲೆ, ಓಪನ್‌ಡಿಕಿಮ್, ಡವ್‌ಕಾಟ್. ಎರಡು ಡಿಸ್ಕ್‌ಗಳ ಮಿರರ್, ಮೇಲೆ ಝಡ್‌ಎಫ್‌ಎಸ್. ಅಟ್ಟದ ಮೇಲೆ ಸದ್ದಿಲ್ಲದೆ ಓಡುತ್ತಿದೆ.

ತುಂಗೆ_ತೀರ
ಘಟಪ್ರಭಾ ಅವರೇ, ನಿಮ್ಮ ಮೊದಲ ಬರಹದಲ್ಲಿ ಇಲ್ಲದ ಮೂರು ಸಂಗತಿಗಳು ಬೇಕು. ಮೇಲ್ ಕಳುಹಿಸುವುದು ಯಾವ ರೀಜನ್‌ನಿಂದ? ಫ್ರಮ್‌ನಲ್ಲಿ ಇರುವ ವಿಳಾಸ ಯಾವುದು? ಎಸ್‌ಇಎಸ್‌ನ ಐಡೆಂಟಿಟಿ ಪಟ್ಟಿಯಲ್ಲಿ ಡೊಮೈನ್‌ಗಳಷ್ಟೇ ಇವೆಯೇ, ಬೇರೇನಾದರೂ ಇದೆಯೇ?

ಘಟಪ್ರಭಾ_ದಂಡೆ
ಎಲ್ಲವೂ ಮುಂಬೈ ರೀಜನ್, ಟಾಪಿಕ್ ಕೂಡ. ಫ್ರಮ್‌ನಲ್ಲಿ ಪಾವತಿ@ ಎಂದು ಶುರುವಾಗಿ ಆಯಾ ಸಂಘದ ಡೊಮೈನ್.

ಅಂದ ಹಾಗೆ, ಹೇಳುವುದು ಬಿಟ್ಟುಹೋಗಿತ್ತು. ಕನ್ಸೋಲ್‌ನಿಂದ ಪರೀಕ್ಷಾ ಮೇಲ್ ಕಳುಹಿಸಿ, ಸನ್ನಿವೇಶದಲ್ಲಿ ಬೌನ್ಸ್ ಆರಿಸಿದರೆ ಸೂಚನೆ ಬರುತ್ತದೆ. ಆ್ಯಪ್‌ನಿಂದ ಹೋದ ಮೇಲ್ ಬೌನ್ಸ್ ಆದರೆ ಬರುವುದಿಲ್ಲ. ಹಾಗಾಗಿ ಆ್ಯಪ್‌ನ ಎಸ್‌ಎಂಟಿಪಿ ಲೈಬ್ರರಿಯ ಮೇಲೆ ನನಗೆ ಅನುಮಾನ.

ಬೇರುಸರ್ವರ್
ಇದನ್ನು ಮೊದಲೇ ಹೇಳಿದ್ದರೆ ಡಿಎನ್‌ಎಸ್ ಹೆಸರೇ ಎತ್ತುತ್ತಿರಲಿಲ್ಲ.

ಪಾಲಿಸಿಪುರಾಣ
ಕನ್ಸೋಲ್‌ನಲ್ಲಿ ನಿಮ್ಮ ಲಾಗಿನ್, ಆ್ಯಪ್‌ನಲ್ಲಿ ಬೇರೆ ಐಎಎಂ (ಅಮೆಜಾನ್‌ನ ಅನುಮತಿ ವ್ಯವಸ್ಥೆ) ಬಳಕೆದಾರ. ನೋಡಿದಿರಾ, ತಿರುಗಿ ಬಂದದ್ದು ಪಾಲಿಸಿಗೇ.

ತುಂಗೆ_ತೀರ
ಕಳುಹಿಸಿದವರು ಯಾರು ಎಂಬುದರ ಮೇಲೆ ಬೌನ್ಸ್ ಸೂಚನೆ ನಿಂತಿಲ್ಲ, ಯಾವ ಐಡೆಂಟಿಟಿಯಿಂದ ಹೋಯಿತು ಎಂಬುದರ ಮೇಲೆ ನಿಂತಿದೆ. ಕನ್ಸೋಲ್ ಪರೀಕ್ಷೆಯಲ್ಲಿ ಫ್ರಮ್‌ಗೆ ಏನು ಬರೆದಿರಿ? ಐಡೆಂಟಿಟಿ ಪಟ್ಟಿಯ ಬಗ್ಗೆಯೂ ನೀವು ಉತ್ತರಿಸಲಿಲ್ಲ.

ಘಟಪ್ರಭಾ_ದಂಡೆ
ಪರೀಕ್ಷೆಯಲ್ಲಿ ಟೆಸ್ಟ್@ ಎಂದು ಬರೆದೆ. ಪಟ್ಟಿಯಲ್ಲಿ ಡೊಮೈನ್‌ಗಳಿವೆ, ಜೊತೆಗೆ ಪ್ರತಿ ಸಂಘದ ಪಾವತಿ@ ವಿಳಾಸವೂ ಬೇರೆಯಾಗಿ ದೃಢೀಕರಣಗೊಂಡಿದೆ. ಅದು ನಾನು ಸೇರುವ ಮೊದಲಿನ ಹಳೆಯ ಶೆಲ್ ಸ್ಕ್ರಿಪ್ಟ್‌ನ ಕೆಲಸ. ಆಗ ನಮ್ಮಲ್ಲಿ ಡೊಮೈನ್ ದೃಢೀಕರಣ ಇರಲಿಲ್ಲ, ವಿಳಾಸಕ್ಕೆ ಕೊಂಡಿ ಕಳುಹಿಸಿ, ಸಂಘದ ಕಾರ್ಯದರ್ಶಿಗಳು 24 ಗಂಟೆಯೊಳಗೆ ಅದನ್ನು ಒತ್ತುವಂತೆ ಫೋನ್ ಮಾಡಿ ಕಾಡಬೇಕಿತ್ತು. ಈಗಲೂ ಆ ಸ್ಕ್ರಿಪ್ಟ್ ಹೊಸ ಸಂಘ ಬಂದಾಗ ಓಡುತ್ತದೆ. ಅದರಿಂದ ಏನು ತೊಂದರೆ? ಟೆರಾಫಾರ್ಮ್‌ಗೆ ಅದರ ಸುದ್ದಿಯೇ ಇಲ್ಲ.

ತುಂಗೆ_ತೀರ
ಸಿಕ್ಕಿತು. ಒಂದು ಡೊಮೈನ್, ಅದರಡಿಯ ಒಂದು ವಿಳಾಸ ಎರಡೂ ಐಡೆಂಟಿಟಿಗಳಾಗಿ ದೃಢೀಕರಣಗೊಂಡಿದ್ದರೆ, ಆ ವಿಳಾಸದಿಂದ ಹೋಗುವ ಮೇಲ್‌ಗೆ ವಿಳಾಸದ ಸೆಟ್ಟಿಂಗ್ ಅನ್ವಯವಾಗುತ್ತದೆ, ಡೊಮೈನ್‌ನದಲ್ಲ. ನೀವು ಟಾಪಿಕ್ ಕಟ್ಟಿದ್ದು ಡೊಮೈನ್‌ಗೆ. ಟೆಸ್ಟ್@ ಎಂಬ ಹೆಸರಿನಲ್ಲಿ ಬೇರೆ ಐಡೆಂಟಿಟಿ ಇಲ್ಲ, ಆದ್ದರಿಂದ ಅದು ಡೊಮೈನ್‌ನ ಲೆಕ್ಕಕ್ಕೆ ಬಿದ್ದು ಸೂಚನೆ ಬಂತು. ಪಾವತಿ@ ತನ್ನದೇ ಖಾಲಿ ಸೆಟ್ಟಿಂಗ್ ಹಿಡಿದು ಹೊರಟಿತು. ಡಿಕಿಮ್ ಮಾತ್ರ ಬೇರೆ ಹೇಳದಿದ್ದರೆ ಡೊಮೈನ್‌ನಿಂದಲೇ ಇಳಿದು ಬರುತ್ತದೆ, ಹಾಗಾಗಿ ಹೆಡರ್‌ನಲ್ಲಿ ಎಲ್ಲ ಚೆನ್ನಾಗಿ ಕಂಡಿತು.

ಇನ್ನೊಂದು ನೋಡಿ. ವಿಳಾಸದ ಐಡೆಂಟಿಟಿಯಲ್ಲಿ ಫೀಡ್‌ಬ್ಯಾಕ್ ಫಾರ್ವರ್ಡಿಂಗ್ ತಾನಾಗಿಯೇ ಚಾಲೂ ಇರುತ್ತದೆ. ಪಾವತಿ@ ಅಂಚೆಪೆಟ್ಟಿಗೆ ಯಾರಾದರೂ ತೆರೆಯುತ್ತಾರೆಯೇ?

ಘಟಪ್ರಭಾ_ದಂಡೆ
ತೆರೆಸಿದೆ. ಒಂದು ಸಂಘದ ಪಾವತಿ@ ಪೆಟ್ಟಿಗೆಯಲ್ಲಿ ಮೇಲರ್ ಡೀಮನ್‌ನಿಂದ ಬಂದ ಓಲೆಗಳು ಪುಟಗಟ್ಟಲೆ. ಮೇಲಿನದನ್ನು ತೆಗೆದರೆ ‘550 5.1.1, ಇಂಥ ಬಳಕೆದಾರರಿಲ್ಲ’ ಎಂಬ ಸಾಲು, ಕೆಳಗೆ ನಮ್ಮದೇ ಕಂತಿನ ನೆನಪೋಲೆ. ಇನ್ನೊಂದು ಸಂಘದ ಪೆಟ್ಟಿಗೆ ತುಂಬಿ ತುಳುಕಿ ಹೊಸ ಮೇಲ್ ಒಳಗೆ ಬಿಡುತ್ತಿಲ್ಲ. ಇಷ್ಟೆಲ್ಲ ಬಂದು ಬಿದ್ದಿದ್ದರೂ ಸಂಘದಿಂದ ಒಬ್ಬರೂ ಬಾಯಿ ಬಿಟ್ಟಿಲ್ಲ.

ಸರಿ, ವಿಳಾಸದ ಐಡೆಂಟಿಟಿಗಳನ್ನು ಅಳಿಸಿಬಿಡುತ್ತೇನೆ.

ತುಂಗೆ_ತೀರ
ಒಂದನ್ನು ಅಳಿಸಿ ನೋಡಿ, ಎಲ್ಲವನ್ನೂ ಒಮ್ಮೆಲೇ ಬೇಡ. ಹಳೆಯ ಸ್ಕ್ರಿಪ್ಟ್‌ನಿಂದ ಆ ಭಾಗ ತೆಗೆಯದಿದ್ದರೆ ಮುಂದಿನ ಸಂಘ ಬಂದಾಗ ಮತ್ತೆ ಹುಟ್ಟುತ್ತದೆ.

ಘಟಪ್ರಭಾ_ದಂಡೆ
ಒಂದನ್ನು ಅಳಿಸಿದೆ. ಈಗ ಆ ಸಂಘದ ಮೇಲ್ ಹೋಗುವುದೇ ನಿಂತಿದೆ. ಸೆಂಡ್ ರಾ ಈಮೇಲ್‌ಗೆ ಅನುಮತಿ ಇಲ್ಲ ಎನ್ನುತ್ತಿದೆ, ರಿಸೋರ್ಸ್ ಜಾಗದಲ್ಲಿ ಡೊಮೈನ್ ಐಡೆಂಟಿಟಿಯ ಎಆರ್‌ಎನ್ ತೋರಿಸುತ್ತಿದೆ. ನಾಳೆ ಬೆಳಿಗ್ಗೆ ಅವರ ಮಹಾಸಭೆಯ ನೋಟಿಸ್ ಹೊರಡಬೇಕು!

ಪಾಲಿಸಿಪುರಾಣ
ಪಾಲಿಸಿ! ಮೊದಲ ದಿನದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ.

ಬೇರುಸರ್ವರ್
ನೀವು ಹೇಳಿದ್ದು ಎಸ್‌ಎನ್‌ಎಸ್ ಟಾಪಿಕ್‌ನ ಪಾಲಿಸಿ. ಇದು ಐಎಎಂ ಬಳಕೆದಾರನ ಪಾಲಿಸಿ. ಹೆಸರೊಂದೇ ಎಂದು ಜಯಭೇರಿ ಬಾರಿಸಬೇಡಿ.

ಪಾಲಿಸಿಪುರಾಣ
ನೀವು ಹೇಳಿದ್ದು ಡಿಎನ್‌ಎಸ್.

ತುಂಗೆ_ತೀರ
ಆ್ಯಪ್‌ನ ಐಎಎಂ ಬಳಕೆದಾರನಿಗೆ ಕಳುಹಿಸುವ ಅನುಮತಿಯನ್ನು ಪಾವತಿ@ ಐಡೆಂಟಿಟಿಯ ಎಆರ್‌ಎನ್‌ಗೆ ಮಾತ್ರ ಕೊಟ್ಟಿರಬೇಕು, ಅದೂ ಹಳೆಯ ಸ್ಕ್ರಿಪ್ಟ್‌ನ ಕಾಲದ್ದೇ ಇರುತ್ತದೆ. ವಿಳಾಸ ಹೋದ ಮೇಲೆ ಅನುಮತಿಯನ್ನು ಡೊಮೈನ್ ಮೇಲೆ ಕೇಳುತ್ತದೆ. ಡೊಮೈನ್ ಎಆರ್‌ಎನ್ ಸೇರಿಸಿ. ಆದರೆ ಹಾಗೆ ಸೇರಿಸಿದರೆ ಆ ಡೊಮೈನ್‌ನ ಯಾವ ವಿಳಾಸದಿಂದಲೂ ಕಳುಹಿಸಲು ದಾರಿಯಾಗುತ್ತದೆ. ಪಾವತಿ@ ಒಂದೇ ಸಾಕು ಎನ್ನುವುದಾದರೆ ಎಸ್‌ಇಎಸ್‌ನ ಫ್ರಮ್ ಅಡ್ರೆಸ್ ಷರತ್ತು ಹಾಕಿ ಬಿಗಿ ಮಾಡಿ. ಎಲ್ಲದಕ್ಕೂ ನಕ್ಷತ್ರ ಹಾಕಿ ಕೈ ತೊಳೆದುಕೊಳ್ಳಬೇಡಿ, ಹತ್ತಾರು ಸಂಘಗಳ ಹಣದ ವಿಷಯ ಅದು.

ಮೋಡದಮೇಸ್ತ್ರಿ
ನನ್ನ ಮಾತು ಯಾರೂ ಕೇಳಿಸಿಕೊಳ್ಳಲಿಲ್ಲ. ಕಾನ್ಫಿಗರೇಶನ್ ಸೆಟ್ ಮಾಡಿ, ಅದಕ್ಕೆ ಎಸ್‌ಎನ್‌ಎಸ್ ಅನ್ನು ಈವೆಂಟ್ ಗುರಿಯಾಗಿ ಕೊಟ್ಟು, ಎಸ್‌ಎಂಟಿಪಿ ಮೇಲ್‌ನಲ್ಲಿ ಅದರ ಹೆಸರಿನ ಹೆಡರ್ ಹಾಕಿದ್ದರೆ ಯಾವ ಐಡೆಂಟಿಟಿಯಿಂದ ಹೋದರೂ ಬೌನ್ಸ್ ಬರುತ್ತಿತ್ತು. ತಲುಪಲು ತಡವಾದದ್ದು, ತಿರಸ್ಕೃತವಾದದ್ದು ಎಲ್ಲವೂ ಸಿಗುತ್ತದೆ.

ತುಂಗೆ_ತೀರ
ಹೊಸದಾಗಿ ಕಟ್ಟುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಲ್ಲಿಂದ ಬರುವ ಜೇಸನ್ ದತ್ತಾಂಶದಲ್ಲಿ ನೋಟಿಫಿಕೇಶನ್ ಟೈಪ್ ಇರುವುದಿಲ್ಲ, ಈವೆಂಟ್ ಟೈಪ್ ಇರುತ್ತದೆ. ಲ್ಯಾಂಬ್ಡಾ ಹಳೆಯ ಹೆಸರನ್ನೇ ಹುಡುಕುತ್ತಿದ್ದರೆ ಬಂದ ಬೌನ್ಸ್ ಅನ್ನೂ ಕಡೆಗಣಿಸುತ್ತದೆ. ಎರಡು ದಾರಿಯನ್ನೂ ತೆರೆದಿಟ್ಟರೆ ಒಂದೇ ಬೌನ್ಸ್ ಎರಡು ಸಲ ಬರುತ್ತದೆ. ಈ ವಾರ ಅವರು ಅದಕ್ಕೆ ಕೈ ಹಾಕುವುದು ಬೇಡ.

ಘಟಪ್ರಭಾ_ದಂಡೆ
ಡೊಮೈನ್ ಎಆರ್‌ಎನ್ ಸೇರಿಸಿದೆ, ಷರತ್ತೂ ಹಾಕಿದೆ. ಮೇಲ್ ಹೊರಟಿತು. ಪಾವತಿ@ ಇಂದ ಎಸ್‌ಇಎಸ್‌ನ ಪರೀಕ್ಷಾ ಸಿಮ್ಯುಲೇಟರ್‌ನ ಬೌನ್ಸ್ ವಿಳಾಸಕ್ಕೆ ಕಳುಹಿಸಿದೆ, ಲಾಗ್‌ನಲ್ಲಿ ಬೌನ್ಸ್ ಟೈಪ್ ಪರ್ಮನೆಂಟ್ ಎಂದು ಬಂದು ಬಿತ್ತು. ಉಳಿದ ಸಂಘಗಳನ್ನು ಒಂದೊಂದಾಗಿ ಮುಗಿಸುತ್ತೇನೆ. ಆ ಶೆಲ್ ಸ್ಕ್ರಿಪ್ಟ್ ಬರೆದವರು ಈಗ ಬೇರೆ ಕಡೆ ಇದ್ದಾರೆ, ಅದರಲ್ಲಿ ಇನ್ನೇನೇನು ಅಡಗಿದೆಯೋ.

ಕೆಂಪುಗುಡ್ಡೆ
ನನ್ನದೂ ಇದೇ ಸಮಸ್ಯೆ, ಹಾಗಾಗಿ ಇಲ್ಲೇ ಕೇಳುತ್ತೇನೆ. ಬೌನ್ಸ್ ಬರುತ್ತಿದೆ, ದೂರಿನ ಸೂಚನೆ ಬರುತ್ತಿಲ್ಲ. ಜಿಮೇಲ್‌ನಲ್ಲಿ ನಾನೇ ಸ್ಪ್ಯಾಮ್ ಎಂದು ಒತ್ತಿ ನೋಡಿದೆ.

ಬೇರುಸರ್ವರ್
ಇದೇ ಸಮಸ್ಯೆ ಅಲ್ಲ. ಜಿಮೇಲ್ ದೂರಿನ ಮಾಹಿತಿಯನ್ನು ಎಸ್‌ಇಎಸ್‌ಗೆ ಕೊಡುವುದೇ ಇಲ್ಲ. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಡೊಮೈನ್ ನೋಂದಾಯಿಸಿ ಪ್ರಮಾಣ ನೋಡಬೇಕು, ಯಾರು ಒತ್ತಿದರು ಎಂದು ಅಲ್ಲೂ ತಿಳಿಯುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದೃಢೀಕರಣಗಳನ್ನೂ ಇಡಬೇಕು, ಸ್ಪ್ಯಾಮ್ ಪ್ರಮಾಣ ಶೇಕಡಾ 0.3 ಮುಟ್ಟಬಾರದು. ಪರೀಕ್ಷೆಗೆ ಸಿಮ್ಯುಲೇಟರ್‌ನ ದೂರಿನ ವಿಳಾಸ ಬಳಸಿ, ನಿಮ್ಮ ಡೊಮೈನ್ ಮೇಲೆ ನೀವೇ ಸ್ಪ್ಯಾಮ್ ಒತ್ತಬೇಡಿ.

ಕೆಂಪುಗುಡ್ಡೆ
ಹಾಗಾದರೆ ನಮ್ಮ ಟಾಪಿಕ್ ಪಾಲಿಸಿ ಸರಿ ಇದೆಯೋ ಇಲ್ಲವೋ?

ಪಾಲಿಸಿಪುರಾಣ
ಹಾಕಿ, ನೋಡಿ ಹೇಳುತ್ತೇನೆ.

ಹೊಸಬ_2
@ಅಟ್ಟದಸರ್ವರ್ ಆ ಎರಡು ಡಿಸ್ಕ್‌ಗಳಿಗೆ ಯಾವ ಯುಪಿಎಸ್ ಇಟ್ಟಿದ್ದೀರಿ? ನಮ್ಮಲ್ಲಿ ಮಳೆ ಹನಿ ಬಿದ್ದರೆ ಕರೆಂಟ್ ಹೋಗುತ್ತದೆ.

ಅಟ್ಟದಸರ್ವರ್
ಯುಪಿಎಸ್ ಅಲ್ಲ, ಇನ್ವರ್ಟರ್. 150 ಆಂಪಿಯರ್ ಅವರ್ ಟ್ಯೂಬ್ಯುಲಾರ್ ಬ್ಯಾಟರಿ. ಫ್ಯಾನು, ಟ್ಯೂಬ್‌ಲೈಟ್, ಪೋಸ್ಟ್‌ಫಿಕ್ಸ್ ಮೂರೂ ಅದರ ಮೇಲೆಯೇ. ಚಿತ್ರ ಹಾಕುತ್ತೇನೆ, ಸ್ವಲ್ಪ ತಾಳಿ.

ನಿರ್ವಾಹಕ
ಬ್ಯಾಟರಿಗೆ ಬೇರೆ ವಿಭಾಗವಿದೆ. ಕೆಂಪುಗುಡ್ಡೆ ಅವರ ಪ್ರಶ್ನೆಯನ್ನು ಹೊಸ ಚರ್ಚೆಗೆ ಸಾಗಿಸಿದ್ದೇನೆ.

ಪಾಲಿಸಿಪುರಾಣ
ಸಾಗಿಸುವಾಗ ಅವರು ಹಾಕಿದ ಪಾಲಿಸಿ ಕಾಣೆಯಾಗಿದೆ. ಇನ್ನೊಮ್ಮೆ ಹಾಕಲು ಹೇಳಿ.