ಎಸ್ಟೇಟ್ ಸಾಮಾನು ಮಾರಾಟ: ಹಳೇ ಮರಗೆಲಸದ ಹತ್ಯಾರದಲ್ಲಿ ಏನೇನು ನೋಡಬೇಕು?

ಹೊನ್ನೆಹಲಗೆ (ಮೂಡಿಗೆರೆ):
ಆಲ್ದೂರು ಕಡೆ ಒಂದು ಹಳೇ ಕಾಫಿ ಎಸ್ಟೇಟ್ ಕೈ ಬದಲಾಗ್ತಿದೆ. ಬಂಗಲೆ, ಗೋಡೌನಿನ ಸಾಮಾನೆಲ್ಲ ಭಾನುವಾರ ಮಾರ್ತಾರಂತೆ. ಆಚಾರಿ ಪೆಟ್ಟಿಗೇಲಿ ಕಬ್ಬಿಣದ ಉಜ್ಜುಗೊರಡು, ಉಳಿ, ಗರಗಸ ಇವೆ, ಎಲ್ಲ ತುಕ್ಕು ಹಿಡಿದಿದೆ ಅಂತ ಎಸ್ಟೇಟಿನ ಲೆಕ್ಕ ನೋಡೋ ರೈಟರ್ ಹೇಳಿದರು. ಗುಜರಿಯವರೂ ಬರ್ತಾರೆ, ನಿಧಾನವಾಗಿ ನೋಡೋಕೆ ಆಗಲ್ಲ. ಯಾವುದು ತಗೋಬಹುದು, ಯಾವುದು ಬಿಡಬೇಕು? ಕೆಲಸಕ್ಕೆ ಬೇಕು, ಶೋಕೇಸಿಗಲ್ಲ.

ಸಾಣೆಕಲ್ಲು:
ತುಕ್ಕಿಗೆ ಹೆದರಬೇಡಿ, ಅದು ಹೋಗುತ್ತೆ. ಮೊದಲು ನೋಡಬೇಕಾದ್ದು ಬಿರುಕು, ಆಮೇಲೆ ಕಳೆದುಹೋದ ಭಾಗ.

ಉಜ್ಜುಗೊರಡಿನ ಬ್ಲೇಡ್ ತೆಗೆದು, ತಳದ ಬಾಯಿಯ ಎರಡೂ ಮೂಲೆ ನೋಡಿ. ಬೀಡುಕಬ್ಬಿಣ ಒಡೆಯೋದು ಅಲ್ಲೇ, ಇಲ್ಲಾಂದ್ರೆ ಪಕ್ಕದ ಗೋಡೆಯಲ್ಲಿ. ತುಕ್ಕಿನಡಿ ಕೂದಲಿನಷ್ಟು ಸಣ್ಣ ಬಿರುಕು ಕಣ್ಣಿಗೆ ಬೀಳಲ್ಲ. ಸೀಮೆಎಣ್ಣೆ ಹಚ್ಚಿ ಒರೆಸಿದರೆ ಬಿರುಕಿನೊಳಗಿಂದ ಎಣ್ಣೆ ಮತ್ತೆ ಗೆರೆಯಾಗಿ ಜಿನುಗುತ್ತೆ. ಬೆಸುಗೆ ಹಾಕಿರೋದನ್ನ ಮುಟ್ಟಲೇಬೇಡಿ. ಆ ಶಾಖಕ್ಕೆ ತಳ ತಿರುಚಿರುತ್ತೆ, ಮಟ್ಟ ಮಾಡೋಕೆ ಹೋದರೆ ಬೀಡೇ ಸವೆದುಹೋಗುತ್ತೆ.

ಅಮೆರಿಕದ ಸ್ಟಾನ್ಲಿ ಕಂಪನಿಯ ಉಜ್ಜುಗೊರಡಾದರೆ ಬ್ಲೇಡ್ ಕೂರುವ ಫ್ರಾಗ್‌ನ ಹಿಂದೆ ಪೇಟೆಂಟ್ ತಾರೀಖು ಇದೆಯಾ ನೋಡಿ. 1902ರ ಎರಡು, 1910ರ ಒಂದು, ಹೀಗೆ ಮೂರು ತಾರೀಖು ಇದ್ದರೆ ಅದು ಸುಮಾರು 1910ರಿಂದ 1918ರ ನಡುವಿನದು. ತುಂಬಾ ಒಳ್ಳೇ ಕಾಲದ ಮಾಲು. ಇಂಗ್ಲೆಂಡಿನ ಶೆಫೀಲ್ಡಿನ ರೆಕಾರ್ಡ್ ಕಂಪನಿಯದನ್ನ ಕೂಡ ಕಣ್ಣುಮುಚ್ಚಿ ತಗೋಬಹುದು, ಬಿರುಕಿಲ್ಲದಿದ್ದರೆ. ಉಜ್ಜುಗೊರಡಿನ ಅಳತೆಗೆ ನಂಬರ್ ಇರುತ್ತೆ: ನಂಬರ್ 4 ಸುಮಾರು 9 ಇಂಚು ಉದ್ದ, ನಂಬರ್ 5 14 ಇಂಚು. ಎರಡಕ್ಕೂ 2 ಇಂಚಿನ ಬ್ಲೇಡ್. 22 ಇಂಚಿನ ನಂಬರ್ 7 ಕಂಡರೆ ಮೊದಲು ಅದನ್ನೇ ಹಿಡಿದುಕೊಳ್ಳಿ, ಬಾಗಿಲು ಚೌಕಟ್ಟಿನ ಕೆಲಸಕ್ಕೆ ಅದಕ್ಕೆ ಸಮ ಇಲ್ಲ.

ಬ್ಲೇಡಿನ ಸೀಳಿನಿಂದ ಹರಿತದ ಅಂಚಿನವರೆಗೆ ಒಂದು ಇಂಚಾದರೂ ಉಕ್ಕು ಉಳಿದಿರಬೇಕು. ಬ್ಲೇಡನ್ನ ಏರಿಸಿ ಇಳಿಸೋ ಹಿತ್ತಾಳೆ ನಟ್ ಬಿಗಿಯಾಗಿದ್ದರೆ ಬಲವಂತ ಮಾಡಬೇಡಿ, ಅದು ಎಡಗೈ ಥ್ರೆಡ್. ಸ್ಟಾನ್ಲಿ ಹಿಡಿಯ ಸ್ಕ್ರೂ ಇಂಚಿಗೆ 20 ಥ್ರೆಡ್ಡಿನ ಬೇರೆಯೇ ಅಳತೆ, ನಮ್ಮ ಹಾರ್ಡ್‌ವೇರ್ ಅಂಗಡಿಯ 5 ಎಂಎಂ, 6 ಎಂಎಂ ಯಾವುದೂ ಕೂರಲ್ಲ. ಆದ್ದರಿಂದ ಪೆಟ್ಟಿಗೆ ಪಕ್ಕದ ಮೊಳೆ ಡಬ್ಬಗಳನ್ನೂ ಸುರಿದು ನೋಡಿ. ಕಳಚಿದ ಸ್ಕ್ರೂ, ಲಿವರ್ ಕ್ಯಾಪ್ (ಬ್ಲೇಡನ್ನ ಒತ್ತಿಹಿಡಿಯೋ ಭಾಗ) ಎಷ್ಟೋ ಸಲ ಅದರೊಳಗೇ ಬಿದ್ದಿರುತ್ತೆ.

ಬೀಟೆಕಾವು (ಸಕಲೇಶಪುರ):
ಗರಗಸದ ಬಗ್ಗೆ ನಾನು ಹೇಳ್ತೀನಿ. ಹಿಡಿ ಕಡೆಯಿಂದ ಹಲ್ಲಿನ ಸಾಲನ್ನ ಒಂದು ಕಣ್ಣು ಮುಚ್ಚಿ ನೋಡಿ. ಬಾಗಿಸಿ ಬಿಟ್ಟಾಗ ನೆಟ್ಟಗೆ ವಾಪಸ್ ಬಂದರೆ ತಗೊಳ್ಳಿ, ಒಂದೇ ಜಾಗದಲ್ಲಿ ಸೊಟ್ಟ ಉಳಿದರೆ ಬಿಡಿ. ಹಲ್ಲಿನ ಬುಡದಲ್ಲಿ ಗುಳಿ ಬಿದ್ದಿದ್ದರೆ ಅರ (ಫೈಲ್) ಹಾಕುವಾಗ ಹಲ್ಲು ಮುರಿಯುತ್ತೆ. ಹಿಡಿಯ ಹಿತ್ತಾಳೆ ಬಿಲ್ಲೆಯಲ್ಲಿ ಡಿಸ್ಟನ್ ಅಂತಿದ್ದರೆ ಚೆನ್ನ. ಬರೀ "ವಾರಂಟೆಡ್ ಸುಪೀರಿಯರ್" ಅಂತಿದ್ದರೆ ಅದು ಕಂಪನಿ ಹೆಸರಲ್ಲ, ಎಷ್ಟೋ ಜನ ಹಾಕ್ತಿದ್ದ ಮುದ್ರೆ. ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ಉಳಿಯ ಮೇಲ್ಭಾಗದ ಗುಳಿ ಲೆಕ್ಕಕ್ಕಿಲ್ಲ. ಚಪ್ಪಟೆ ಬೆನ್ನಿನಲ್ಲಿ, ಬಾಯಿ ಹತ್ತಿರದ ಒಂದು ಇಂಚಿನೊಳಗೆ ಗುಳಿ ಇದ್ದರೆ ಎಷ್ಟು ಮಸೆದರೂ ಬಾಯಿ ಹರಕಲಾಗೇ ಇರುತ್ತೆ. ಒಂದು ಸಣ್ಣ ಹೊಸ ಅರ ಜೇಬಲ್ಲಿರಲಿ. ಬಾಯಿ ಮೂಲೆಗೆ ಆಡಿಸಿದಾಗ ಜಾರಿದರೆ ಉಕ್ಕಿನ ಹದ (ಗಡಸುತನ) ಇದೆ, ಕಚ್ಚಿದರೆ ಇಲ್ಲ. ಬಾಯಿ ನೀಲಿಗಟ್ಟಿದ್ದರೆ ಯಾರೋ ಗ್ರೈಂಡರಿಗೆ ಕೊಟ್ಟು ಹದ ಸುಟ್ಟಿದ್ದಾರೆ. ಆ ನೀಲಿ ದಾಟುವವರೆಗೆ ನೀರಲ್ಲಿ ಅದ್ದುತ್ತಾ ಸಾಣೆ ಹಿಡೀಬೇಕು.

ಹೊನ್ನೆಹಲಗೆ:
ತುಂಬಾ ಥ್ಯಾಂಕ್ಸ್ ಸರ್. ತುಕ್ಕು ಬಿಡಿಸೋಕೆ ರಾತ್ರಿಯಿಡೀ ಸಿಟ್ರಿಕ್ ಆಸಿಡ್‌ನಲ್ಲಿ ನೆನೆಸಬಹುದಾ? ಇಲ್ಲಿ ಮಳೆಗಾಲದಲ್ಲಿ ಮತ್ತೆ ತುಕ್ಕು ಬರದ ಹಾಗೆ ಏನು ಮಾಡೋದು?

ಸಾಣೆಕಲ್ಲು:
ರಾತ್ರಿಯಿಡೀ ಬೇಡ, ಉಕ್ಕನ್ನೇ ತಿಂದು ಮಬ್ಬು ಮಾಡುತ್ತೆ. ಲೀಟರಿಗೆ 50 ಗ್ರಾಂ ಹಾಕಿ, ಅರ್ಧ ಗಂಟೆಗೊಮ್ಮೆ ತೆಗೆದು ಬ್ರಷ್‌ನಲ್ಲಿ ಉಜ್ಜಿ. ಹಿತ್ತಾಳೆ, ಮರದ ಹಿಡಿ ಮೊದಲೇ ಬಿಚ್ಚಿಡಿ. ತುಕ್ಕು ಬಿಟ್ಟ ಕೂಡಲೇ ವಾಷಿಂಗ್ ಸೋಡಾ ನೀರಲ್ಲಿ ಅದ್ದಿ, ಒರೆಸಿ, ಬಿಸಿಗಾಳಿಯಲ್ಲಿ ಒಣಗಿಸಿ ಎಣ್ಣೆ ಹಚ್ಚಬೇಕು. ತಡ ಮಾಡಿದರೆ ಕಣ್ಣೆದುರೇ ಕೆಂಪು ತುಕ್ಕು ಏಳುತ್ತೆ. ಗರಗಸವನ್ನ ಮಾತ್ರ ಆಸಿಡ್‌ಗೆ ಹಾಕಬೇಡಿ, ಕಂಪನಿ ಅಚ್ಚು ಅಳಿಸಿಹೋಗುತ್ತೆ. ಮರದ ತುಂಡಿಗೆ 400 ನಂಬರಿನ ಎಮರಿ ಸುತ್ತಿ, ಸೀಮೆಎಣ್ಣೆ ಹಾಕಿ ಉದ್ದುದ್ದಕ್ಕೆ ಉಜ್ಜಿ.

ಮಳೆಗಾಲಕ್ಕೆ ಹೊಲಿಗೆ ಮಿಷನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತೆ. ಗೋಣಿಚೀಲದಲ್ಲಿ ಸುತ್ತಿಡಬೇಡಿ, ಅದು ತೇವ ಹಿಡಿದುಕೊಳ್ಳುತ್ತೆ.

ಬೀಟೆಕಾವು:
ಒಂದು ಬಿಟ್ಟುಹೋಯ್ತು. ಆಚಾರಿ ಮೇಜಿಗೆ ಮರ ಕಚ್ಚಿಹಿಡಿಯೋ ವೈಸ್ ಹಾಕಿದ್ದಾರಾ ಕೇಳಿ. ರೆಕಾರ್ಡ್ 52½ ಆಗಿದ್ದರೆ 9 ಇಂಚಿನ ದವಡೆ, ಲಿವರ್ ಒತ್ತಿದರೆ ಸರ್ರನೆ ಜಾರುತ್ತೆ. ಒಂದು ಮರದ ತುಂಡು ಕಚ್ಚಿಸಿ ಪೂರ್ತಿ ಬಿಗಿ ಮಾಡಿ ನೋಡಿ. ಟಕ್ ಅಂತ ಜಾರಿದರೆ ಒಳಗೆ ಸ್ಕ್ರೂ ಹಿಡಿಯೋ ಅರ್ಧ ನಟ್ ಸವೆದಿದೆ. ಹಿಡಿದು ನಿಂತರೆ ಅಲ್ಲೇ ದುಡ್ಡು ಕೊಟ್ಟುಬಿಡಿ. ಬಿಚ್ಚಲು ಸ್ಪ್ಯಾನರ್ ನೀವೇ ಒಯ್ಯಿರಿ, ಅದನ್ನೆತ್ತೋಕೆ ಜೊತೆಗೊಬ್ಬರು ಇದ್ದರೆ ಒಳ್ಳೇದು.