ಪದ ಬೇಕು: ಫೋನಿನ ‘ಬ್ಯಾಕಪ್’, ‘ರೀಸ್ಟೋರ್’, ‘ಸಿಂಕ್’, ‘ವ್ಯೂ’

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಫೋನಿನಲ್ಲಿರುವ ಫೋಟೋ, ಮೆಸೇಜು, ಕಾಂಟ್ಯಾಕ್ಟ್ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು ಬೇಕಾದಾಗ ತೆರೆದು ನೋಡುವ ಆ್ಯಪ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಕಳಿಸಬೇಕು. ಮೇಲಿನ ನಾಲ್ಕು ಗುಂಡಿಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅಗಲ ಕಡಿಮೆ, ಪದ ಉದ್ದವಾದರೆ ಬಾಲ ಕಾಣುವುದಿಲ್ಲ. ‘ಕೊನೆಯ ಬ್ಯಾಕಪ್: ನಿನ್ನೆ’ ಅಂತ ಹಾಕಿದ್ದೆ, ನೋಡಿದವರೊಬ್ಬರು ‘ಇನ್ಮೇಲೆ ಆಗೋದೇ ಇಲ್ವಾ?’ ಅಂದರು.

ಮರು: ಪದ ಬೇಕು

‘ಇತ್ತೀಚಿನ ಬ್ಯಾಕಪ್’ ಅನ್ನಿ, ಆಯ್ತು. ಬ್ಯಾಕಪ್ಪನ್ನು ಹಾಗೇ ಬಿಡಿ. ‘ವೀಕ್ಷಿಸಿ’ ಮಾತ್ರ ಬೇಡ, ತನ್ನ ಅಮ್ಮನ ನಂಬರನ್ನು ಯಾರೂ ವೀಕ್ಷಿಸುವುದಿಲ್ಲ, ನೋಡುತ್ತಾರೆ.

ಮರು: ಪದ ಬೇಕು

‘ಹಾಗೇ ಬಿಡಿ’ ಅನ್ನುವುದು ಸೋಮಾರಿತನ. ‘ಕಾಪಿಡು’ ಇರುವಾಗ ಬೇರೆ ಯಾಕೆ? ಕಾಯ್‌ನಿಂದ ಕಾಪು, ಅದಕ್ಕೆ ಇಡು. ಗುಂಡಿಗೆ ‘ಕಾಪಿಡಿ’, ಫೈಲಿಗೆ ‘ಕಾಪುನಕಲು’. ‘ಬ್ಯಾಕಪ್ ಮಾಡಲ್ಪಟ್ಟ ದತ್ತಾಂಶ’ ಅನ್ನುವ ಕರ್ಮಣಿಯ ಕಾಟವೂ ತಪ್ಪುತ್ತದೆ, ‘ಕಾಪಿಟ್ಟದ್ದು’ ಅಂದರೆ ಮುಗಿಯಿತು. ಇಂಥ ಪದಗಳು ಜರೂರಾಗಿ ಬಳಕೆಗೆ ಬರಬೇಕು.

ಮರು: ಕಾಪಿಡಿ

> ಫೈಲಿಗೆ ‘ಕಾಪುನಕಲು’

ನಕಲು ಅರಬ್ಬಿ. ಜರೂರು ಕೂಡ. ‘ಕಾಪಿಡಿ’ಯನ್ನು ಗುಂಡಿಯ ಮೇಲೆ ಕಂಡವರು ‘ಕಾಪಿ ಇಡಿ’ ಅಂತಲೇ ಓದುವುದು. ಎಲ್ಲಿ ಇಡಬೇಕು ಅಂತ ನಿಮ್ಮನ್ನು ಕೇಳುತ್ತಾರೆ.

ಮರು: ಕಾಪಿಡಿ

ಹಾಗಾದರೆ ‘ಕಾಪುಪಡಿ’. ಪಡಿಯಚ್ಚು, ಪಡಿನೆಳಲು ಇದ್ದ ಹಾಗೆ. ಪಡಿ ಅಚ್ಚಗನ್ನಡ.

ಮರು: ಕಾಪಿಡಿ

ಆ ಪಡಿ ‘ಪ್ರತಿ’ಯ ತದ್ಭವ. ಮುಂದಿನದು?

ಮರು: ದತ್ತಾಂಶ

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಲ್ಯಾಟಿನ್ನಿನ ‘ದಾತುಮ್’ ಅಂದರೆ ಕೊಟ್ಟದ್ದು, ಸಂಸ್ಕೃತದ ‘ದತ್ತ’ ಅಂದರೂ ಕೊಟ್ಟದ್ದು. ಎರಡಕ್ಕೂ ಬೇರು ಒಂದೇ. ನಮ್ಮ ‘ದತ್ತು’ ಕೂಡ ಅದರಿಂದಲೇ. ಹಾಗಿರುವಾಗ ಡೇಟಾ ಬೇಡ, ದತ್ತಾಂಶ ಬೇಕು ಅಂತ ಹಟ ಹಿಡಿಯುವುದು ಸುಮ್ನೆ ವೇಷ ಬದಲಾಯಿಸಿದ ಹಾಗೆ. ಕುರ್ಚಿ, ಮೇಜು, ಸಾಬೂನು, ಚಾವಿ ಎಲ್ಲ ಹೊರಗಿನಿಂದ ಬಂದವೇ ಅಲ್ವಾ? ಅವನ್ನು ಯಾರು ವಾಪಸ್ ಕಳಿಸಿದರು?

ಮರು: ದತ್ತಾಂಶ

ಅದೇ ಹಳೇ ಕುರ್ಚಿ-ಮೇಜಿನ ವಾದ. ಆಗ ಬಂದವು ಕನ್ನಡಕ್ಕೆ ಒಗ್ಗಿಕೊಂಡು ಬಂದವು. ಈಗಿನವು ಚರ್ಮ ಸಹಿತ ಬರುತ್ತಿವೆ.

ಮರು: ಪದ ಬೇಕು

ಸ್ವಾಮಿ, ಜಗಳ ಆಮೇಲೆ ಮಾಡಿ. ಇಲ್ಲಿ ಪದ ತಪ್ಪಿದರೆ ಜನರ ಫೋಟೋಗಳೇ ಹೋಗುತ್ತವೆ. ಸಿಂಕ್ ಆಗುವ ಕಡೆ, ಫೋನಿನಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಐಕ್ಲೌಡ್ ಫೋಟೋಸ್ ಹಾಗೇ. ಬ್ಯಾಕಪ್ ಹಾಗಲ್ಲ, ಅದು ಆ ದಿನ ಇದ್ದದ್ದರ ಪ್ರತಿ. ಹಾಗಾಗಿ ಎರಡಕ್ಕೂ ‘ಉಳಿಸು’ ಸೇರಿಸಿದ ಪದ ಕೊಡಬೇಡಿ. ಸಿಂಕ್‌ಗೆ ‘ಸರಿಹೊಂದಿಸಿ’ ಸಾಕು.

ರೀಸ್ಟೋರ್‌ಗೆ ‘ಮರಳಿ ಪಡೆಯಿರಿ’ ಅಂತ ಹಾಕುವ ಯೋಚನೆ ಇದ್ದರೆ ನಿಲ್ಲಿಸಿ. ಕಳೆದುಹೋದ ಒಂದೇ ಒಂದು ಫೋಟೋ ವಾಪಸ್ ಬರುತ್ತದೆ ಅಂತ ನಂಬಿ ಒತ್ತುತ್ತಾರೆ. ಐಫೋನಿನಲ್ಲಿ ಪೂರ್ತಿ ಬ್ಯಾಕಪ್ ಹಾಕಿದರೆ ಈಗಿರುವುದೆಲ್ಲ ಹೋಗಿ ಹಳೆಯದು ಬಂದು ಕೂರುತ್ತದೆ. ‘ಹಳೆಯದನ್ನು ತುಂಬಿ’ ಅನ್ನಿ, ಕೆಳಗೆ ‘ಈಗಿರುವುದು ಹೋಗುತ್ತದೆ’ ಅಂತ ಒಂದು ಸಾಲು ಕೊಡಿ.

ಇನ್ನು ವ್ಯೂ. ಕಂಪ್ಯೂಟರಿನಲ್ಲಿ ತೆಗೆದ ಐಫೋನ್ ಬ್ಯಾಕಪ್ಪಿಗೆ ಎನ್‌ಕ್ರಿಪ್ಷನ್ ಹಾಕದಿದ್ದರೆ ಉಳಿಸಿದ ಪಾಸ್‌ವರ್ಡ್, ಹೆಲ್ತ್ ಡೇಟಾ, ಕರೆಗಳ ಪಟ್ಟಿ ಅದರೊಳಗೆ ಬರುವುದೇ ಇಲ್ಲ. ನಿಮ್ಮ ಆ್ಯಪ್ ಅಲ್ಲಿ ‘ಕರೆಗಳಿಲ್ಲ’ ಅಂತ ತೋರಿಸಿದರೆ ಸುಳ್ಳಾಗುತ್ತದೆ. ‘ಈ ಬ್ಯಾಕಪ್ಪಿನಲ್ಲಿ ಕರೆಗಳ ಪಟ್ಟಿ ಸೇರಿಲ್ಲ’ ಅನ್ನಬೇಕು. ಎನ್‌ಕ್ರಿಪ್ಟ್ ಮಾಡಿದ್ದಕ್ಕೆ ‘ಬೀಗ ಹಾಕಿದ’ ಅಂದರೆ ಯಾರಿಗಾದರೂ ತಿಳಿಯುತ್ತದೆ, ‘ಗೂಢಲಿಪೀಕರಿಸಿದ’ ಅಂದರೆ ನನಗೂ ತಿಳಿಯುವುದಿಲ್ಲ.

ಮರು: ಪದ ಬೇಕು

ಇದಕ್ಕೊಂದು ಸೇರಿಸಿ. ಆಂಡ್ರಾಯ್ಡ್‌ನಿಂದ ಇಳಿಸಿದ ಕಾಂಟ್ಯಾಕ್ಟ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕನ್ನಡದ ಹೆಸರುಗಳು ಎಷ್ಟೋ ಸಲ ಕಾಣುವುದೇ ಇಲ್ಲ. ‘ಅಮ್ಮ’ ಇರಬೇಕಾದ ಕಡೆ =E0=B2=85 ಅಂತ ಶುರುವಾಗಿ ಸಾಲು ಪೂರ್ತಿ ಅದೇ ಇರುತ್ತದೆ. E0, B2, 85 ಮೂರೂ ಸೇರಿದರೆ ಒಂದು ‘ಅ’. ಹೆಸರು ಕೆಟ್ಟಿಲ್ಲ, ಬೇರೆ ರೂಪದಲ್ಲಿದೆ ಅಷ್ಟೇ. ಹಾಗಾಗಿ ಗುಂಡಿಗೆ ಬರೀ ‘ತೆರೆಯಿರಿ’ ಸಾಲದು. ತೆರೆಯುವುದೇ ಬೇರೆ, ಓದುವ ಹಾಗೆ ತೋರಿಸುವುದೇ ಬೇರೆ.

ಮರು: ಪದ ಬೇಕು

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕಳಿಸುತ್ತಿದ್ದೇನೆ: ‘ಬ್ಯಾಕಪ್ ಮಾಡಿ’, ‘ಹಳೆಯದನ್ನು ತುಂಬಿ’, ‘ಸರಿಹೊಂದಿಸಿ’, ‘ತೆರೆದು ನೋಡಿ’. ಎರಡನೆಯದು ಗುಂಡಿಯಲ್ಲಿ ಹಿಡಿಸದೆ ಅಕ್ಷರ ಚಿಕ್ಕದು ಮಾಡಿದೆ. ಪದ ಕೊಟ್ಟವರ ಹೆಸರನ್ನೆಲ್ಲ ಆ್ಯಪ್‌ನ ಕೊನೆಯ ಪುಟದಲ್ಲಿ ಹಾಕಲಾ?

ಮರು: ಕಾಪಿಡಿ

‘ಬ್ಯಾಕಪ್’ ಇರುವ ಕಡೆ ನನ್ನ ಹೆಸರು ಬೇಡ.